ತಿಳಿನೀರಿನ ಸೀಸೆಗಳು

ನಮ್ಮಪ್ಪ ಕಲ್ಯಾಣದುರ್ಗದ ಪೇಟೆಯಲ್ಲಿ ಬೆಲ್ಲ ತೂಗುತ್ತಿದ್ದರು. ನಾನು ಇಂಟರ್‌ಮೀಡಿಯೆಟ್ ಓದಿ ಅದೇ ಊರಿನಲ್ಲಿ ಮಣ್ಣು ತೂಗುವ ಕೆಲಸಕ್ಕೆ ಸೇರಿದೆ. ತಮಾಷೆಗೆ ಹೇಳುತ್ತಿಲ್ಲ, ಕೆಲಸವೇ ಅದು. ಪೆನ್ನೆ ಹೊಳೆಯ ದಡದಲ್ಲಿ ನಮ್ಮ ಇಲಾಖೆಯ, ಹೊಳೆಯ ನೀರು ಅಳೆಯುವ ನಾಲ್ಕು ಠಾಣೆಗಳಿದ್ದವು. ಮಳೆಗಾಲದಲ್ಲಿ ಅಲ್ಲಿಂದ ಹೊಳೆಯ ನೀರು ಸೀಸೆಗಳಲ್ಲಿ ತುಂಬಿ ಬಸ್ಸಿನ ಮೇಲೆ ಬರುತ್ತಿತ್ತು. ನಾನು ಆ ನೀರನ್ನು ಸೋಸಬೇಕು, ಉಳಿದ ಕೆಸರನ್ನು ಒಣಗಿಸಬೇಕು, ಗಾಜಿನ ಪೆಟ್ಟಿಗೆಯ ತಕ್ಕಡಿಯಲ್ಲಿಟ್ಟು ತೂಗಬೇಕು, ಒಂದು ಸೇರು ನೀರಿನಲ್ಲಿ ಇಷ್ಟು ಮಣ್ಣು ಎಂದು ಬರೆಯಬೇಕು. "ಅಲ್ಲ ಕಣಪ್ಪ ಕೊಟ್ಟೂರಪ್ಪ, ನಿಮ್ ಸರ್ಕಾರಕ್ಕೆ ಮಣ್ಣಿಗೂ ಬರ ಬಂತಾ?" ಎಂದು ಪೇಟೆಯವರು ಕೆಣಕುತ್ತಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅವರಿಗೆಲ್ಲ ವಿವರಿಸಿ ಹೇಳುವ ತಾಳ್ಮೆ ಇರಲಿಲ್ಲ. ಯಾರಿಗೂ ವಿವರಿಸಿ ಹೇಳುವ ತಾಳ್ಮೆ ಇರಲಿಲ್ಲ ಎಂದರೇ ಸರಿ.

ಹಿಂದೂಪುರದ ಸೀಸೆಗಳನ್ನು ಕಂಡರೆ ಮಾತ್ರ ನನಗೆ ಪ್ರೀತಿ. ಬೇರೆ ಠಾಣೆಗಳ ಸೀಸೆಗಳು ಬಿರಟೆ ಸಡಿಲವಾಗಿ, ಮೈಯೆಲ್ಲ ಕೆಸರು ಮೆತ್ತಿಕೊಂಡು ಬರುತ್ತಿದ್ದವು. ಹಿಂದೂಪುರದವು ಒಂದೂ ಸೋರುತ್ತಿರಲಿಲ್ಲ. ಅರಗು ಅಚ್ಚುಕಟ್ಟು, ಚೀಟಿ ನೆಟ್ಟಗೆ, ಒಳಗೆ ನೀರು ತಿಳಿ. ಅಲ್ಲಿಯ ಠಾಣೆ ನೋಡಿಕೊಳ್ಳುತ್ತಿದ್ದವನು ಓಬಳಪ್ಪ ಎಂಬ ಒಕ್ಕಲಿನವನು, ತಾತ್ಕಾಲಿಕ ನೌಕರ. ಅವನಿಗೆ ನಾನೇ ಕೈಯಾರೆ ಒಂದು ಕಾಗದ ಬರೆದಿದ್ದೆ, ನಿಮ್ಮ ಸೀಸೆಗಳು ಎಲ್ಲರದಕ್ಕಿಂತ ಚೆನ್ನಾಗಿವೆ ಎಂದು. ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಕೆಳಗಿನ ಠಾಣೆಗಳ ನೀರಿನಲ್ಲಿ ಕೆಸರು ಬಹಳ ಕಂಡಾಗ, ಇವರು ಹೊಳೆಯ ತಳ ಕೆದಕಿ ತುಂಬುವ ಮೈಗಳ್ಳರು ಎಂದು ತೀರ್ಮಾನಿಸಿ ಅವರ ಅಂಕಿಗಳನ್ನು ತಗ್ಗಿಸಿದೆ. ಪೆನ್ನೆ ಮೇಲಿನಿಂದ ತರುವ ಕೆಸರು ಅತ್ಯಲ್ಪ ಎಂದು ವರದಿ ಬರೆದು ಕಳಿಸಿದೆ. ಎರಡು ವರ್ಷದ ವರದಿ, ಕೆಳಗೆ ನನ್ನ ರುಜು.

ಆ ವರದಿ ಯಾರಿಗೆ ಬೇಕಾಗಿತ್ತು ಎಂದು ಇಲ್ಲೇ ಹೇಳಿಬಿಡುತ್ತೇನೆ. ಪೆನ್ನೆ ನಮ್ಮಿಂದ ಮುನ್ನೂರು ಮೈಲಿಗೂ ಆಚೆ, ನೆಲ್ಲೂರಿನ ಕೆಳಗೆ ಸಮುದ್ರ ಸೇರುತ್ತದೆ. ಹೊಳೆ ತಂದು ಸುರಿದ ಮರಳನ್ನು ಅಲೆಗಳು ದಡದುದ್ದಕ್ಕೂ ತಳ್ಳಿಕೊಂಡು ಬಂದು ಹೊಳೆಯ ಬಾಯಿಗೇ ಅಡ್ಡ ದಿಬ್ಬ ಹಾಕುತ್ತವೆ. ಒಂದು ಕಡೆ ದಿಬ್ಬ ಬೆಳೆದರೆ ಇನ್ನೊಂದು ಕಡೆ ದಡ ಕೊರೆಯುತ್ತದೆ. ಹಾಗೆ ಕೊರೆದು ಒಂದು ಬೆಸ್ತರ ಹಳ್ಳಿಯನ್ನು ಸಮುದ್ರ ತೆಗೆದುಕೊಂಡಿತ್ತು. ಅಲ್ಲಿಯ ಎಂಜಿನಿಯರು ದಿಬ್ಬವನ್ನು ಸೀಳಿ ಕಾಲುವೆ ತೋಡಿಸಿ ಹೊಳೆಗೆ ಹೊಸ ಬಾಯಿ ಮಾಡಿದ್ದರು. ಮನೆ ಕಳೆದುಕೊಂಡ ನೂರನಲವತ್ತು ಸಂಸಾರಗಳಿಗೆ ಆ ಕಾಲುವೆಯ ಪಕ್ಕದ ತಗ್ಗಿನಲ್ಲಿ ಗುಡಿಸಲು ಹಾಕಿಸಿದ್ದರು. ಹೊಳೆಯಲ್ಲಿ ಕೆಸರು ಕಡಿಮೆ ಇದ್ದರೆ ಕಾಲುವೆ ತೆರೆದಿರುತ್ತದೆ. ಕೆಸರು ಹೆಚ್ಚಿದ್ದರೆ ಅದು ಉಪ್ಪುನೀರು ತಾಕಿದ ಕೂಡಲೇ ಒಡೆದ ಹಾಲಿನಂತೆ ಗಡ್ಡೆಕಟ್ಟಿ ತಳಕ್ಕೆ ಕೂರುತ್ತದೆ. ದೊಡ್ಡ ಪ್ರವಾಹ ಒಂದು ಬಂದರೆ ಸಾಕು, ಕಾಲುವೆಯ ಬಾಯಿ ಕಟ್ಟಿ, ಹಿಂದಿನ ನೀರೆಲ್ಲ ತಗ್ಗಿಗೆ ನುಗ್ಗುತ್ತದೆ. ನನ್ನ ವರದಿಯನ್ನು ನಂಬಿ ಎಂಜಿನಿಯರು ಆ ಜನರನ್ನು ಅಲ್ಲಿ ಕೂರಿಸಿದ್ದರು. ಧನ್ಯವಾದದ ಕಾಗದದ ಜೊತೆಗೆ ಆ ಹೊಸ ಹಳ್ಳಿಯ ಒಂದು ಫೋಟೋ ಕೂಡ ಕಳಿಸಿದ್ದರು.

ಸಾವಿರದ ಒಂಬೈನೂರ ಐವತ್ತೈದನೆಯ ಇಸವಿ ಅಕ್ಟೋಬರಿನಲ್ಲಿ ನಾನು ಹಿಂದೂಪುರದ ಠಾಣೆಗೆ ಹೊರಟೆ. ಓಬಳಪ್ಪನನ್ನು ಕಾಯಂ ಮಾಡಬಹುದು ಎಂದು ಶಿಫಾರಸು ಬರೆಯುವ ಮುಂಚೆ ಒಮ್ಮೆ ಕಣ್ಣಾರೆ ನೋಡಿ ಬರಬೇಕಿತ್ತು. ಠಾಣೆ ಇದ್ದದ್ದು ಊರಿಗೆ ಮೂರು ಮೈಲಿ ಈಚೆ, ಪೆನ್ನೆಯ ಪಡುವಣ ದಡದ ಒಂದು ಸಣ್ಣ ಹಟ್ಟಿಯಲ್ಲಿ. ಬೆಳಿಗ್ಗೆ ಬಸ್ಸಿಳಿದು ನಡೆದು ಹೋಗುವಾಗಲೇ ಹೊಳೆಯ ಮೊರೆತ ಕೇಳಿಸಿತು. ಮೈಸೂರು ಸೀಮೆಯಲ್ಲಿ ಬಿಡದೆ ಮಳೆಯಾಗಿ ಹಿಂದಿನ ದಿನದಿಂದ ಪೆನ್ನೆ ಏರುತ್ತಿತ್ತು. ವರ್ಷದಲ್ಲಿ ಹತ್ತು ತಿಂಗಳು ಬರೀ ಮರಳಾಗಿ ಬಿದ್ದಿರುವ ಹೊಳೆ ಅಂದು ದಡದಿಂದ ದಡಕ್ಕೆ ಕೆಂಪಗೆ ಹರಿಯುತ್ತಿತ್ತು. ಹಿಂದೂಪುರಕ್ಕೆ ಹೋಗುವ ತಗ್ಗು ಸೇತುವೆ ನೀರಿನಡಿಗೆ ಹೋಗಿತ್ತು.

ಓಬಳಪ್ಪ ನೀರಿನಲ್ಲಿದ್ದ. ಸೊಂಟಕ್ಕೆ ಹಗ್ಗ, ಹಗ್ಗದ ತುದಿ ದಡದ ಹೊಂಗೆಮರಕ್ಕೆ, ಎದೆಯಡಿಯಲ್ಲಿ ಒಣಗಿದ ಸೋರೆಬುರುಡೆ. ಸುಮಾರು ನಲವತ್ತರ ಗಟ್ಟಿ ಆಳು. ಹೊಳೆ ಅವನನ್ನು ಎಳೆಯುತ್ತಿತ್ತು, ಹಗ್ಗ ಬಿಗಿದು ಕಿರುಗುಟ್ಟುತ್ತಿತ್ತು. ಮೂರು ಕಡೆ ಮುಳುಗಿ ಮೂರು ತಗಡಿನ ಡಬ್ಬ ತುಂಬಿಕೊಂಡು ಅವನು ದಡ ಹತ್ತಿದಾಗ ತುಟಿ ನೀಲಿಗಟ್ಟಿತ್ತು.

"ಸಾರ್, ಬಂದ್ಬುಟ್ರಾ? ರಾತ್ರಿಯಿಂದ ನಾಕಡಿ ಏರೈತೆ. ನೀರಿನ ಮಟ್ಟದ ಬೋರ್ಡು ನೋಡ್ಬುಟ್ಟು ಬತ್ತೀನಿ, ನೀವು ಮನೆ ಕಡೆ ನಡೀರಿ," ಎಂದ.

ಒಂದು ಡಬ್ಬದಲ್ಲಿ ಕೈಯದ್ದಿ ನೋಡಿದೆ. ಬೆರಳು ಕಾಣಲಿಲ್ಲ. ಆಗಲಾದರೂ ನನಗೆ ಹೊಳೆಯಬೇಕಿತ್ತು. ಇವತ್ತೊಂದು ದಿನ ಹೀಗಿರಬೇಕು ಎಂದುಕೊಂಡೆ, ದಡ್ಡ ಮುಂಡೇದು.

ಅವನು ಮುಂದೆ ಹೋಗಿ ಡಬ್ಬಗಳನ್ನು ಮನೆಯ ಜಗಲಿಯ ಮೇಲಿಟ್ಟು ಬೋರ್ಡಿನ ಕಡೆ ಹೋದ. ಜಗಲಿಯ ಮೇಲೆ ಅವನ ಹೆಂಡತಿ ಕೊಂಡಮ್ಮ ಕೂತಿದ್ದಳು. ಡಬ್ಬಗಳನ್ನು ಸಾಲಾಗಿ ಇಟ್ಟುಕೊಂಡು, ಒರಟು ಕಲ್ಲಿನ ಮೇಲೆ ಏನನ್ನೋ ತೇಯ್ದು, ಬಂದ ಗಂಧವನ್ನು ಡಬ್ಬದ ನೀರಿಗೆ ಕಲಸುತ್ತಿದ್ದಳು. ಅದು ಚಿಲ್ಲದ ಬೀಜ. ನಮ್ಮ ಸೀಮೆಯಲ್ಲಿ ಹೊಳೆಗೆ ಹೊಸ ನೀರು ಬಂದಾಗ ಎಲ್ಲರ ಮನೆಯಲ್ಲೂ ಅದನ್ನು ತೇಯುತ್ತಾರೆ; ರಾತ್ರಿ ಕಳೆಯುವುದರೊಳಗೆ ಕೆಸರೆಲ್ಲ ತಳಕ್ಕೆ ಕೂತು ಮೇಲೆ ಕುಡಿಯುವ ತಿಳಿನೀರು ನಿಲ್ಲುತ್ತದೆ. ಮನೆಗೆ ಕುಡಿಯಲು ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ಅವಳು ಹಿಂದಿನ ದಿನದ ಡಬ್ಬ ಎತ್ತಿ, ತಳ ಅಲುಗಾಡದ ಹಾಗೆ ಬಗ್ಗಿಸಿ, ಮೇಲಿನ ತಿಳಿಯನ್ನು ಇಲಾಖೆಯ ಸೀಸೆಗೆ ಹುಯ್ಯತೊಡಗಿದಳು.

"ಏನಮ್ಮಾ ಅದು ಮಾಡ್ತಾ ಇರೋದು?"

"ನೀರು ತಿಳಿ ಮಾಡ್ತಾ ಇವ್ನಿ ಸಾಮಿ."

"ಇವತ್ತು ಮಾತ್ರಾನಾ?"

"ಅಯ್ಯೋ, ದಿನಾಲೂವೆ! ಮೊದ್ಲ ಕಿತ ಕೆಸರು ನೀರೇ ಕಳ್ಸಿದ್ವಿ. ಆಮ್ಯಾಕೆ ನಂಗೇ ನಾಚ್ಕೆ ಆಯ್ತು. ಮನೇಗೆ ಬಂದೋರ್ಗೆ ತಿಳಿನೀರು ಕೊಡ್ತೀವಿ, ದೊಡ್ಡ ಆಫೀಸಿಗೆ ಬುರುದೆ ಕಳ್ಸಾದಾ? ಹಿಂದೂಪುರದೋರು ಇಂಥಾ ನೀರು ಕುಡೀತಾರೆ ಅಂತ ಆಡ್ಕಳಲ್ವಾ? ಅದ್ಕೇ ಒಂದ್ ರಾತ್ರಿ ಮಡಗಿ ಮ್ಯಾಗಿನ ತಿಳಿ ತುಂಬ್ತೀನಿ. ಆಮ್ಯಾಕೆ ನೀವೂ ಕಾಗ್ದ ಬರದ್ರಲ್ಲ, ನಮ್ ಸೀಸೆಗಳೇ ಚೆಂದಾಗವೆ ಅಂತ." ಆ ಹೆಣ್ಣುಮಗಳ ಮುಖ ತುಂಬ ನಗು.

ಎರಡು ವರ್ಷ. ನಾನು ತೂಗಿದ್ದು ಹೊಳೆಯನ್ನಲ್ಲ, ಇವಳ ಮರ್ಯಾದೆಯನ್ನು.

ಕೂಗಾಡಿದೆ. ಆಗ ಬಂದ ಓಬಳಪ್ಪನನ್ನು ಬಾಯಿಗೆ ಬಂದ ಹಾಗೆ ಬೈದೆ. ಅವನು ಕಣ್ಣು ಕಣ್ಣು ಬಿಟ್ಟು, "ಸೀಸೆ ತುಂಬಾದು ಇವಳೇ ಸಾರ್. ನಾನು ಗಂಟೆಗೊಂದ್ಸಲ ಬೋರ್ಡು ನೋಡ್ಬೇಕಲ್ಲ. ತಿಳಿ ಮಾಡಿದ್ರೆ ತೆಪ್ಪಾ?" ಎಂದ. ತಪ್ಪೇ ಎಂದು ಕೇಳುತ್ತಿದ್ದಾನೆ! ಇಂಗ್ಲಿಷಿನಲ್ಲಿ ಎಂಟು ಪುಟದ ನಿಯಮಾವಳಿ ಕೊಟ್ಟು ಅವನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದವನು ನಾನೇ. ಮೂರು ಡಬ್ಬ, ಮೂರು ಜಾಗ, ಮೂರು ಸೀಸೆ, ಅರಗು. ಬಾಯಲ್ಲಿ ಹೇಳಿದ್ದು ಇಷ್ಟೇ.

ಬೈದು ಸುಸ್ತಾದ ಮೇಲೆ ಜಗಲಿಯ ಮೇಲೆ ಕುಸಿದು ಕೂತು, ಮೊದಲ ಸಲ ಅವರಿಗೆ ಎಲ್ಲವನ್ನೂ ಹೇಳಿದೆ. ಸಮುದ್ರ, ದಿಬ್ಬ, ಕಾಲುವೆ, ಉಪ್ಪುನೀರು ತಾಕಿ ಕೆಸರು ಕೂರುವುದು, ತಗ್ಗಿನಲ್ಲಿರುವ ಜನ, ನನ್ನ ಚೀಲದಲ್ಲಿದ್ದ ಅವರ ಫೋಟೋ. ಸಮುದ್ರವನ್ನು ಮೂವರಲ್ಲಿ ಯಾರೂ ಕಂಡವರಲ್ಲ. ಕೊಂಡಮ್ಮ ಕೈಯಲ್ಲಿದ್ದ ಬೀಜವನ್ನು ನೋಡಿಕೊಂಡಳು.

"ಅಂಗಾರೆ ಸಮುದ್ರಾನೂ ಚಿಲ್ಲದ ಬೀಜ ತೇಯ್ತದೆ ಅನ್ನಿ," ಎಂದಳು. ನಮ್ಮ ಇಲಾಖೆಯಲ್ಲಿ ಇಷ್ಟು ಬೇಗ ಯಾರಿಗೂ ಇದು ಅರ್ಥವಾಗಿರಲಿಲ್ಲ. ಆಮೇಲೆ ಹೊಳೆಯ ಕಡೆ ತಿರುಗಿ, "ಈ ನೀರು ಅಲ್ಲಿಗೆ ಹೋಗಾಕೆ ಏಟು ದಿನ?" ಎಂದಳು.

"ಐದು ದಿನ."

"ನಿನ್ನೆಯಿಂದ ಹೋಯ್ತಾ ಐತೆ."

ಹೌದು, ನಿನ್ನೆಯಿಂದ ಹೋಗುತ್ತಿತ್ತು. ನಾಲ್ಕು ದಿನ ಉಳಿದಿತ್ತು. ಹೊಳೆಯಾಚೆ ಹಿಂದೂಪುರದ ರೈಲಿನ ಕೂಗು ಕೇಳುತ್ತಿತ್ತು. ತಂತಿ ಕೊಡುವ ಸ್ಟೇಷನ್ನು ಅಲ್ಲಿತ್ತು. ನಡುವೆ ದಾಟಲಾಗದ ಪೆನ್ನೆ. ದಾಟಿದರೂ ಏನೆಂದು ತಂತಿ ಕೊಡುವುದು? ವರದಿ ತಪ್ಪು ಎಂದರೆ, ಹಾಗಾದರೆ ಸರಿ ಎಷ್ಟು ಎಂದು ಕೇಳುತ್ತಾರೆ. ಅಂಕಿಯಿಲ್ಲದ ಮಾತಿಗೆ ನೂರನಲವತ್ತು ಸಂಸಾರಗಳನ್ನು ಮಳೆಯಲ್ಲಿ ಎಬ್ಬಿಸಿ ಕಳಿಸುವ ಎಂಜಿನಿಯರು ಎಲ್ಲಿದ್ದಾನೆ? ಅದನ್ನು ಬಾಯಿಬಿಟ್ಟೇ ಹೇಳಿದೆ.

ಕೊಂಡಮ್ಮ ಎದ್ದು ಹಿತ್ತಲಿಗೆ ಹೋಗಿ ಒಂದು ಗಡಿಗೆ ತಂದಿಟ್ಟಳು. ಮುಕ್ಕಾಲು ಪಾಲು ನುಣ್ಣನೆಯ ಕೆಮ್ಮಣ್ಣು. "ಈ ವರ್ಷದ್ದು ಒಂದ್ ಚಿಟಿಕೇನೂ ಎಸೆದಿಲ್ಲ. ಉಗಾದಿಗೆ ಹೊಸ್ತಿಲಿಗೆ ಕಾರಣೆ ಬಳಿಯಾಕೆ ಇಂಥಾ ಮಣ್ಣು ಎಲ್ಲಿ ಸಿಗ್ತದೆ? ಡಬ್ಬದ ತಳದ್ದೆಲ್ಲ ಇದಕ್ಕೇ ಬಗ್ಗಿಸಿವ್ನಿ."

ಈ ಮಳೆಗಾಲದಲ್ಲಿ ಇಪ್ಪತ್ತಮೂರು ದಿನ ನೀರು ಹಿಡಿದಿದ್ದರು, ದಿನಕ್ಕೆ ಮೂರು ಡಬ್ಬ, ಡಬ್ಬಕ್ಕೆ ಮೂರು ಸೇರು. ಗಡಿಗೆಯ ಮಣ್ಣನ್ನು ಒಣಗಿಸಿ ತೂಗಿದರೆ ಅಂಕಿ ಸಿಗುತ್ತಿತ್ತು. ತಕ್ಕಡಿ ಕಲ್ಯಾಣದುರ್ಗದಲ್ಲಿತ್ತು.

ಓಬಳಪ್ಪ ನನ್ನನ್ನು ಮನೆಯ ಪಕ್ಕಕ್ಕೆ ಕರೆದುಕೊಂಡು ಹೋದ. ಒದ್ದೆ ಪಂಚೆಯಲ್ಲಿ ಇನ್ನೂ ನಡುಗುತ್ತಿದ್ದ. "ಸಾರ್, ನಿಮ್ ಕಾಲಿಗೆ ಬೀಳ್ತೀನಿ. ಇದು ಹೊರಗೆ ಬಂದ್ರೆ ನನ್ ಕೆಲ್ಸ ಹೋಯ್ತದೆ. ಎರಡು ವರ್ಷ ಈ ಹೊಳೇಲಿ ಜೀವ ಕೈಯಲ್ಲಿ ಹಿಡ್ಕಂಡು ಮುಳುಗಿವ್ನಿ, ಕಾಯಂ ಆಯ್ತದೆ ಅಂತ. ಪ್ರವಾಹ ಅಂದ್ರೆ ದೇವ್ರ ಆಟ. ನಾಳೆಯಿಂದ ಕೆಸರೇ ತುಂಬ್ತೀವಿ, ಹಿಂದಿಂದು ಬಿಟ್ಬುಡಿ."

ಅವನನ್ನು ಗದರಿಸಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಗದರಿಸಲಿಲ್ಲ. ಅವನು ಹೇಳಿದ್ದು ನನಗೂ ಹಿತವಾಗಿತ್ತು. ವರದಿಯ ಕೆಳಗೆ ರುಜು ನನ್ನದು, ಕೆಳಗಿನ ಠಾಣೆಗಳ ನಿಜವಾದ ಅಂಕಿಗಳನ್ನು ತಗ್ಗಿಸಿದ ಜಾಣತನವೂ ನನ್ನದು. ಕಾಲುವೆ ಮುಚ್ಚಿದರೆ ದೊಡ್ಡ ಮಳೆ, ಯಾರ ಕೈಲಿತ್ತು ಎನ್ನಬಹುದು.

ಕೊಂಡಮ್ಮ ಹಿಂದೆಯೇ ಬಂದಿದ್ದಳು. "ಫೋಟೋ ಐತೆ ಅಂದ್ರಲ್ಲ, ತೋರ್ಸಿ," ಎಂದಳು.

ಚೀಲದಿಂದ ತೆಗೆದುಕೊಟ್ಟೆ. ಸಾಲು ಗುಡಿಸಲು, ಮುಂದುಗಡೆ ಒಬ್ಬ ಹೆಂಗಸು ಕಾಲು ಚಾಚಿ ಬಲೆ ಹೆಣೆಯುತ್ತಿದ್ದಾಳೆ, ಅವಳ ಬೆನ್ನಿಗೆ ಒಂದು ಮಗು ಜೋತುಬಿದ್ದಿದೆ. ಕೊಂಡಮ್ಮ ಬಹಳ ಹೊತ್ತು ನೋಡಿದಳು.

"ಇವಳಿಗೆ ಗೊತ್ತಾ?"

"ಏನು?"

"ಇಲ್ಲಿ ನಾನು ನೀರು ತಿಳಿ ಮಾಡಿದ್ದು."

"ಅವಳಿಗೆ ಹೇಗೆ ಗೊತ್ತಿರುತ್ತಮ್ಮಾ?"

ಅವಳು ಗಂಡನ ಕಡೆ ತಿರುಗಿದಳು. "ಕೆಲ್ಸ ಹೋದ್ರೆ ಹೋಗ್ಲಿ. ಕೈಕಾಲು ಅವೆ, ಹೊಲ ಐತೆ. ಈ ಮಗಾನ ಮುಳುಗ್ಸಿ ನಾನು ಉಣ್ಣಾಕಾಗಾಕಿಲ್ಲ."

"ನಿಂಗೇನು ಗೊತ್ತು, ಮುಚ್ಕಂಡು ಒಳೀಕ್ ಹೋಗು," ಎಂದು ಓಬಳಪ್ಪ ಕಿರುಚಿದ. ಅವಳು ಒಳಗೆ ಹೋದಳು. ಹೋದವಳು ಗಡಿಗೆಯ ಬಾಯಿಗೆ ಬಟ್ಟೆ ಬಿಗಿದು, ಸಿಂಬೆ ಇಟ್ಟು ತಲೆಯ ಮೇಲೆ ಹೊತ್ತುಕೊಂಡು ಹೊರಗೆ ಬಂದಳು.

"ನಡೀರಿ ಸಾಮಿ. ನಾನೂ ಬತ್ತೀನಿ. ನಿಮ್ ಮಕ ನೋಡಿದ್ರೆ ದಾರೀಲಿ ಮನ್ಸು ಬದಲಾಯ್ಸೋ ಅಂಗೈತೆ."

ಸಿಟ್ಟು ನೆತ್ತಿಗೇರಿತು. ಮಾತು ನಿಜವಾದ್ದರಿಂದ ಇನ್ನೂ ಜಾಸ್ತಿ ಏರಿತು. ಆದರೂ ಅವಳ ಹಿಂದೆ ನಡೆದೆ.

ಮಡಕಶಿರಾದ ಬಸ್ಸು ಸಿಕ್ಕಿತು. "ಏಂದಮ್ಮಾ ಇದಿ, ಮಣ್ಣಾ? ಮಣ್ಣಿಗೂ ಟಿಕೆಟ್ ತೆಗೀತೀರಾ?" ಎಂದು ಕಂಡಕ್ಟರು ತೆಲುಗು ಬೆರೆಸಿ ಕೇಳಿ ನಕ್ಕ. ಗಡಿಗೆಯನ್ನು ಬಸ್ಸಿನ ಮೇಲಕ್ಕೆ ಹಾಕಬೇಕೆಂದು ಹಠ ಹಿಡಿದ. ಕೊಂಡಮ್ಮ ಅದನ್ನು ಮಡಿಲಲ್ಲಿಟ್ಟು ಎರಡು ಕೈಯಲ್ಲಿ ತಬ್ಬಿ ಕೂತಳು, ಅಲ್ಲಿಂದ ಅಲುಗಾಡಲಿಲ್ಲ. ಹಳ್ಳಕ್ಕೆ ಚಕ್ರ ಬಿದ್ದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಗಡಿಗೆ ಒಡೆದರೆ ಅಂಕಿಯಿಲ್ಲ.

ಮಡಕಶಿರಾ ದಾಟಿ ಬಸ್ಸು ಬದಲಾಯಿಸಿ ಎಂಟು ಹತ್ತು ಮೈಲಿ ಹೋಗುವುದರೊಳಗೆ ಒಂದು ವಂಕ ಅಡ್ಡ ಬಂತು. ಬೇಸಿಗೆಯಲ್ಲಿ ಕಣ್ಣಿಗೆ ಬೀಳದ ಹಳ್ಳ. ಅಂದು ರಸ್ತೆಯ ಮೇಲೆ ಸೊಂಟದುದ್ದ ಹರಿಯುತ್ತಿತ್ತು. ಡ್ರೈವರು ಎಂಜಿನ್ ನಿಲ್ಲಿಸಿ ಬೀಡಿ ಹಚ್ಚಿದ. ಆಚೆ ದಡದಲ್ಲಿ ಕಲ್ಯಾಣದುರ್ಗದ ಕಡೆಯಿಂದ ಬಂದ ಬಸ್ಸು ಹೀಗೇ ನಿಂತಿತ್ತು. ಅದು ವಾಪಸು ಹೊರಡುವುದರಲ್ಲಿತ್ತು. "ನೀರು ಇಳಿಯಾಕೆ ನಾಳೆ ಆಯ್ತದೆ," ಎಂದ ಡ್ರೈವರು.

ಕೊಂಡಮ್ಮ ಸೀರೆ ಎತ್ತಿ ಕಟ್ಟಿ ಗಡಿಗೆ ತಲೆಗಿಟ್ಟುಕೊಂಡು ನೀರಿಗಿಳಿದೇಬಿಟ್ಟಳು. ನನಗೆ ಈಜು ಬರುವುದಿಲ್ಲ. ಆದರೂ ಇಳಿದೆ, ಅವಳ ಎಡಗೈ ಹಿಡಿದುಕೊಂಡೆ. ಕಾಲ ಕೆಳಗಿನ ಮರಳು ಜಾರಿ ಜಾರಿ ಹೋಗುತ್ತಿತ್ತು. ನಿಂತರೆ ಪಾದದಡಿ ಗುಂಡಿ ಬೀಳುತ್ತಿತ್ತು. "ನಿಲ್ಬ್ಯಾಡಿ ಸಾಮಿ, ನಿಂತ್ರೆ ಮಳ್ಳು ಎಳ್ಕಂತದೆ, ನಡೀತಾನೇ ಇರಿ!" ಎಂದು ಅವಳು ಕೂಗಿದಳು. ನಡುಮಧ್ಯದಲ್ಲಿ ನನ್ನ ಕಾಲು ಸೋತಿತು. ಎದೆಯವರೆಗೆ ಮುಳುಗಿ ಅವಳ ಕೈಯನ್ನು ಜಗ್ಗಿದೆ. ಗಡಿಗೆ ವಾಲಿತು. ಅವಳು ನನ್ನ ಕೈ ಕೊಡವಿ ಬಿಡಿಸಿಕೊಂಡು ಎರಡೂ ಕೈಯಲ್ಲಿ ಗಡಿಗೆ ಹಿಡಿದಳು. ನನಗಿಂತ ಗಡಿಗೆ ಮುಖ್ಯ ಎಂದು ಅವಳು ತೀರ್ಮಾನಿಸಿದ್ದು ಸರಿಯಾಗೇ ಇತ್ತು, ಆದರೆ ಆ ಕ್ಷಣಕ್ಕೆ ನನಗೆ ಹಾಗೆ ಅನ್ನಿಸಲಿಲ್ಲ. ನಾಲ್ಕು ಮಾರು ಕೊಚ್ಚಿಕೊಂಡು ಹೋಗಿ ಒಂದು ಜಾಲಿಮರದ ಕೊಂಬೆಗೆ ಸಿಕ್ಕಿಕೊಂಡೆ. ಮೈಯೆಲ್ಲ ಮುಳ್ಳು ಗೀರಿಸಿಕೊಂಡು ದಡ ಹತ್ತಿದಾಗ ಅವಳು ಗಡಿಗೆಯ ಬಟ್ಟೆ ಬಿಚ್ಚಿ ನೋಡುತ್ತಿದ್ದಳು. ಒಳಕ್ಕೆ ಒಂದು ಹನಿ ಹೋಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಕಲ್ಯಾಣದುರ್ಗದ ಲ್ಯಾಬಿನಲ್ಲಿ ಮಣ್ಣು ಒಣಗಲು ಇಟ್ಟೆ. ಹೊಳೆ ಸಮುದ್ರ ಮುಟ್ಟಲು ಮೂರು ದಿನ ಇತ್ತು. ತಟ್ಟೆ ತಟ್ಟೆಯಾಗಿ ತೂಗಿ ಕೂಡಿಸಿ ನೀರಿಗೆ ಭಾಗಿಸಿದೆ. ನಂಬಿಕೆ ಬರ‍ದೆ ಮತ್ತೊಮ್ಮೆ ತೂಗಿದೆ. ವರದಿಯಲ್ಲಿ ನಾನು ಬರೆದಿದ್ದಕ್ಕಿಂತ ಹದಿನೆಂಟು ಪಟ್ಟು.

ನಮ್ಮ ಸಾಹೇಬರು ಕ್ಯಾಂಪಿನ ಮೇಲೆ ಹೋಗಿದ್ದರು. ಅವರ ರುಜು ಇಲ್ಲದೆ ಇಲಾಖೆಯ ತಂತಿ ಹೋಗುವ ಹಾಗಿಲ್ಲ. ನೆಲ್ಲೂರಿನ ಎಂಜಿನಿಯರಿಗೆ ನನ್ನ ಸ್ವಂತ ಹೆಸರಿನಲ್ಲಿ ಕೊಟ್ಟೆ: ಹಿಂದೂಪುರದ ಅಂಕಿ ತಪ್ಪು, ಕೆಸರು ಹದಿನೆಂಟು ಪಟ್ಟು, ದೊಡ್ಡ ಪ್ರವಾಹ ದಾರಿಯಲ್ಲಿದೆ, ಕಾಲುವೆ ಮುಚ್ಚುತ್ತದೆ, ಜನರನ್ನು ಎತ್ತರಕ್ಕೆ ಸಾಗಿಸಿ. ನಾನೂ ಕೊಂಡಮ್ಮನೂ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಕಾದೆವು. ಸಂಜೆ ನಾಲ್ಕಕ್ಕೆ ಉತ್ತರ ಬಂತು. ಎರಡು ವರ್ಷದ ವರದಿ ಒಂದೇ ದಿನದಲ್ಲಿ ಹದಿನೆಂಟು ಪಟ್ಟು ತಪ್ಪಾಗಿದ್ದು ಹೇಗೆ, ಕಾರಣ ತಿಳಿಸಿ, ಅಲ್ಲಿಯವರೆಗೆ ಜನರನ್ನು ಎಬ್ಬಿಸಲಾಗುವುದಿಲ್ಲ.

ಫಾರಮ್ಮು ತೆಗೆದುಕೊಂಡೆ. ಏನು ಬರೆದೆ ಎಂದು ಮುಚ್ಚಿಡುವುದಿಲ್ಲ. ಠಾಣೆಯ ನೌಕರನ ಅಜಾಗರೂಕತೆ ಎಂದು ಬರೆದೆ. ಕೈ ತಾನಾಗಿಯೇ ಹಾಗೆ ಬರೆಯಿತು. ನನ್ನ ಕೈ ಅಂಥದ್ದು.

"ಏನು ಬರದ್ರಿ, ಓದಿ," ಎಂದಳು ಕೊಂಡಮ್ಮ.

ಓದಿದೆ.

"ಅವನದೇನು ತೆಪ್ಪು? ತೇಯ್ದೋಳು ನಾನು. ನನ್ ಹೆಸ್ರು ಹಾಕಿ. ಎಂಗೆ ಮಾಡಿದೆ ಅಂತ ಇದ್ದದ್ದು ಇದ್ದಂಗೆ ಬರೀರಿ. ಸುಳ್ಳು ಬರದ್ರೆ ಅವ್ರು ಇನ್ನೊಂದ್ಸಲ ಕೇಳ್ತಾರೆ. ಕೇಳ್ತಾ ಕೂತ್ರೆ ನೀರು ಕಾಯ್ತದಾ?"

ಫಾರಮ್ಮು ಹರಿದು ಹೊಸದು ಬರೆದೆ. ಪೋಸ್ಟ್‌ಮಾಸ್ಟರ್ ಜಯಣ್ಣ ಕನ್ನಡಕದ ಮೇಲಿಂದ ನೋಡಿ, "ಚಿಲ್ಲದ ಬೀಜಕ್ಕೆ ಇಂಗ್ಲೀಷಲ್ಲಿ ಏನಂತಾರ‍್ರೀ?" ಎಂದ. ನನಗೂ ತಿಳಿಯದು. ತೆಲುಗಿನಲ್ಲಿ ಅನ್ನುವ ಹಾಗೆ ಚಿಲ್ಲಗಿಂಜ ಎಂದೇ ಬರೆದು ಕಳಿಸಿದೆವು: ನೌಕರನ ಹೆಂಡತಿ ಕೊಂಡಮ್ಮ ಎರಡು ವರ್ಷವೂ ಚಿಲ್ಲಗಿಂಜ ತೇಯ್ದು ತಿಳಿ ಮಾಡಿದ ನೀರು ಕಳಿಸಿದ್ದಾಳೆ, ತಳದ ಕೆಸರು ಉಳಿಸಿಟ್ಟಿದ್ದಳು, ಅದನ್ನೇ ಇಂದು ತೂಗಿದೆ.

ಕತ್ತಲಾಗುವ ಮುಂಚೆ ಉತ್ತರ ಬಂತು. ಜಯಣ್ಣ ಓಡಿಬಂದು ಕೈಗೆ ಕೊಟ್ಟ. "ಚಿಲ್ಲಗಿಂಜ ಅರ್ಥವಾಯಿತು. ನಮ್ಮ ಮನೆಯಲ್ಲೂ ತೇಯುತ್ತಾರೆ. ನಾಳೆ ಬೆಳಿಗ್ಗೆ ಜನರನ್ನು ಎಬ್ಬಿಸುತ್ತೇನೆ."

ಕೊಂಡಮ್ಮನಿಗೆ ಓದಿ ಹೇಳಿದೆ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಆಮೇಲೆ ಸುದ್ದಿಯೇ ಇಲ್ಲ. ಆ ಕಡೆ ಮಳೆಗಾಳಿಗೆ ತಂತಿ ಹರಿದುಬಿದ್ದಿತ್ತು. ಒಂಬತ್ತು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಕೊನೆಗೆ ಕಾಗದ ಬಂತು. ಪ್ರವಾಹ ಬಂದ ದಿನ ಮಧ್ಯಾಹ್ನದೊಳಗೆ ಕಾಲುವೆಯ ಬಾಯಿ ಕಟ್ಟಿಹೋಗಿತ್ತು. ತಗ್ಗಿನ ಗುಡಿಸಲುಗಳಲ್ಲಿ ಸೂರಿನ ಮಟ್ಟಕ್ಕೆ ನೀರು ನಿಂತಿತ್ತು. ನೂರನಲವತ್ತು ಸಂಸಾರಗಳೂ ಎತ್ತರದ ನೆಲದ ಮೇಲಿದ್ದವು. ಒಂದು ಜೀವವೂ ಹೋಗಲಿಲ್ಲ.

ಸಾಹೇಬರು ಕ್ಯಾಂಪಿನಿಂದ ಬಂದು ವಿಚಾರಣೆ ನಡೆಸಿದರು. ಓಬಳಪ್ಪನನ್ನು ಕೆಲಸದಿಂದ ತೆಗೆದರು. ಸಕಾಲದಲ್ಲಿ ತಪ್ಪನ್ನು ಪತ್ತೆಹಚ್ಚಿದ್ದಕ್ಕೆ ನನಗೆ ಮೆಚ್ಚುಗೆಯ ಪತ್ರ ಕೊಟ್ಟರು. ತಪ್ಪು ನನ್ನದೂ ಇದೆ, ನಾನು ಅವರಿಗೆ ಹೇಳಿಕೊಟ್ಟಿರಲಿಲ್ಲ ಎಂದು ಒಂದು ಸಾರಿ ಹೇಳಿ ನೋಡಿದೆ. ಅವರು ತಲೆಯೆತ್ತದೆ ಬರೆಯುತ್ತಲೇ ಇದ್ದರು. ಎರಡನೆಯ ಸಾರಿ ಹೇಳುವ ಧೈರ್ಯ ಮಾಡಲಿಲ್ಲ.

ನವೆಂಬರಿನಲ್ಲಿ ಆ ಆದೇಶ ಕೊಡಲು ನಾನೇ ಹಿಂದೂಪುರದ ಠಾಣೆಗೆ ಹೋದೆ. ಹೊಸ ನೌಕರ ಮುತ್ಯಾಲಪ್ಪ ಆಗಲೇ ಬಂದು ಸೇರಿದ್ದ. ಓಬಳಪ್ಪ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ, ನನ್ನ ಮುಖ ನೋಡಲಿಲ್ಲ. ಹೆಂಡತಿಯ ಜೊತೆಗೂ ಅವನಿಗೆ ಮಾತಿರಲಿಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಕೊಂಡಮ್ಮ ಕಾಗದ ಇಸಿದುಕೊಂಡು, "ಇದ್ರಲ್ಲಿ ಏನೈತೆ ಅಂತ ಗೊತ್ತು ಬಿಡಿ. ಅಲ್ಲಿ ಯಾರಾನಾ ಸತ್ರಾ?" ಎಂದಳು.

"ಒಬ್ಬರೂ ಇಲ್ಲಮ್ಮ."

ಹಗ್ಗ ಹೊಸೆಯುತ್ತಿದ್ದ ಓಬಳಪ್ಪನ ಕೈ ನಿಂತಿತು. "ಒಬ್ರೂವೆ ಇಲ್ವಾ?" ಎಂದು ಕೇಳಿದ. ಇಲ್ಲ ಎಂದೆ. ಅವನು ಮತ್ತೆ ಹಗ್ಗಕ್ಕೆ ಕೈ ಹಾಕಿದ.

"ನಿಮ್ಗೇನು ಮಾಡಿದ್ರು?" ಎಂದಳು ಕೊಂಡಮ್ಮ.

"ನನಗೇನೂ ಮಾಡಲಿಲ್ಲ," ಎಂದೆ. ಮೆಚ್ಚುಗೆಯ ಪತ್ರದ ವಿಷಯ ಬಾಯಿಗೆ ಬರಲಿಲ್ಲ.

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಎರಡು ವರ್ಷ ತುಂಬಿದ್ನಲ್ಲ ಸಾಮಿ. ಇದು ಯಾತಕ್ಕೆ ಅಂತ ಒಂದ್ ಮಾತು ಹೇಳಿದ್ರೆ ಆಗಾಕಿಲ್ವಾ? ಹೊಸಬನಿಗಾದ್ರೂ ಹೇಳಿದ್ರಾ?"

ಮುತ್ಯಾಲಪ್ಪನಿಗೆ ನಿಯಮಾವಳಿ ಕೊಟ್ಟಿದ್ದೆ, ಹೆಬ್ಬೆಟ್ಟು ಒತ್ತಿಸಿಕೊಂಡಿದ್ದೆ, ಚಿಲ್ಲದ ಬೀಜ ಮುಟ್ಟಬಾರದು ಎಂದು ಗದರಿದ್ದೆ. ಯಾಕೆ ಎಂದು ಹೇಳಿರಲಿಲ್ಲ.

ಹೊಳೆಯ ದಡದಲ್ಲಿ ಅವನು ಡಬ್ಬ ತೊಳೆಯುತ್ತಿದ್ದ. ನಾನು ಇಳಿದು ಹೋಗಿ ಅವನ ಪಕ್ಕದಲ್ಲಿ ಮರಳಿನ ಮೇಲೆ ಕೂತು, ಫೋಟೋ ತೆಗೆದು ತೋರಿಸಿ, ಮೊದಲಿನಿಂದ ಹೇಳತೊಡಗಿದೆ.